ತೂಕದ ಬೆಲ್ಲ, ತೊಟ್ಟಿಲ ಬೋಟು

ಗೋಕಾಕದಲ್ಲಿ ಕೂತು ಮೀನುಗಾರರ ಬೋಟುಗಳ ಹೊಯ್ದಾಟ ಲೆಕ್ಕ ಹಾಕುತ್ತೇನೆ ಎಂದು ಹೇಳಿದಾಗಲೆಲ್ಲ ಎದುರಿನವರು ಒಮ್ಮೆ ನನ್ನ ಮುಖ ನೋಡುತ್ತಿದ್ದರು, ಒಮ್ಮೆ ಸುತ್ತಲಿನ ಕಬ್ಬಿನ ಹೊಲ ನೋಡುತ್ತಿದ್ದರು. “ಸಮುದ್ರ ಎಲ್ಲೈತ್ರಿ?” ಎಂಬುದು ಮೊದಲ ಪ್ರಶ್ನೆ. “ಅದಕ್ಕೂ ಪಗಾರ ಕೊಡತಾರೇನ್ರಿ?” ಎಂಬುದು ಎರಡನೆಯದು. ಕೊಡುತ್ತಿದ್ದರು. ಬೆಲ್ಲದ ಬಾಗೇವಾಡಿಯ ನನ್ನ ತವರಿನವರು ಮಾತ್ರ ಕೊನೆಯವರೆಗೂ ಇದನ್ನು ಪೂರ್ತಿ ನಂಬಲಿಲ್ಲ. ಯಾರಾದರೂ ಕೇಳಿದರೆ ನಮ್ಮ ಕಾಕಾ “ನೀರಾವರಿ ಆಫೀಸಿನ್ಯಾಗ ಅದಾಳ” ಎಂದು ಹೇಳಿ ಮಾತು ಮುಗಿಸಿಬಿಡುತ್ತಿದ್ದರು.

ನನ್ನ ಬಡ್ತಿಗಳ ಕಥೆ ಇಲ್ಲಿ ಬರೆಯುವುದಿಲ್ಲ. ತಡವಾಗಿ ಬಂದವು, ಬಂದಾಗ ಪೇಢೆ ಹಂಚಿದೆ, ಅಲ್ಲಿಗೆ ಮುಗಿಯಿತು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು ಹಳೆಯದನ್ನು ಕೇಳುತ್ತಾರೆ. ಅವರಿಗೆ ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಸಂಗತಿ. ಅದಕ್ಕೆ ಮೊದಲು ನಮ್ಮ ಘಟಕ ಹೇಗಿತ್ತು, ನಾವು ಏನು ಮಾಡುತ್ತಿದ್ದೆವು ಎಂಬುದನ್ನು ಸ್ವಲ್ಪ ಹೇಳದೆ ವಿಧಿಯಿಲ್ಲ.

ಊರ ಹೊರಗೆ ಎರಡು ಕೋಣೆ, ಹಿತ್ತಲಲ್ಲಿ ಒಂದು ಸಿಮೆಂಟಿನ ತೊಟ್ಟಿ. ಇದೇ ಘಟಕ. ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಬಲೆ ಹಾಕುವ ಕುಟುಂಬಗಳಿಗೆ ಸರ್ಕಾರದಿಂದ ಇಬ್ಬರು ಹಿಡಿಸುವ ಫೈಬರ್ ಬೋಟು ಕೊಡುತ್ತಿದ್ದರು. ಕೊಡುವ ಮೊದಲು ಅವು ಮಗುಚುತ್ತವೋ ಇಲ್ಲವೋ ಎಂದು ಹೇಳುವ ಹೊಣೆ ನಮ್ಮದು. ಬೋಟು ಗಾಳಿಗೆ, ಅಲೆಗೆ, ಬಲೆಯ ಭಾರಕ್ಕೆ ಒಂದು ಮಗ್ಗುಲಿಗೆ ವಾಲುತ್ತದೆ. ವಾಲಿದ್ದು ತಾನಾಗಿ ನೆಟ್ಟಗಾಗಬೇಕು. ಎಷ್ಟು ಜೋರಿನಿಂದ ನೆಟ್ಟಗಾಗುತ್ತದೆ ಎಂಬುದೇ ನಮ್ಮ ಇಡೀ ವಿದ್ಯೆ. ಮೊದಮೊದಲು ಕಟ್ಟಿಗೆಯ ಪುಟ್ಟ ಮಾದರಿ ಮಾಡಿ ತೊಟ್ಟಿಯಲ್ಲಿ ತೂಗಿಸಿ ನೋಡುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು. ಬೋಟಿನ ಆಕಾರ, ತೂಕ, ಅಲೆಯ ಎತ್ತರ ಕೊಟ್ಟರೆ ಅದು ಹೇಗೆ ಹೊರಳಾಡುತ್ತದೆ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು. ಈಗಿನವರು ಮೊಬೈಲನ್ನೇ ಬೋಟಿನ ತಳಕ್ಕೆ ಟೇಪು ಹಚ್ಚಿ ಅಂಟಿಸುತ್ತಾರೆ, ಹೊಯ್ದಾಟವನ್ನು ಅದೇ ಬರೆದುಕೊಳ್ಳುತ್ತದೆ. ನನಗೆ ಹೊಟ್ಟೆಕಿಚ್ಚೇನೂ ಇಲ್ಲ, ಸ್ವಲ್ಪ ಇದ್ದರೂ ಇರಬಹುದು.

ಬೋಟು ಕಟ್ಟುತ್ತಿದ್ದವನು ಮೂಡಲಗಿಯ ಮಲ್ಲಪ್ಪ. ಅವನ ಮೂಲ ಕಸುಬು ಕಬ್ಬು ಹೇರುವ ಟ್ರೇಲರ್ ಮಾಡುವುದು. ಕೈ ಬಲು ಚೊಕ್ಕ, ಆದರೆ ಏನು ಮಾಡಿದರೂ ಅದರೊಳಗೆ ಟ್ರೇಲರ್ ಇಣುಕುತ್ತಿತ್ತು. ಒಂದು ಸಲ ನಕ್ಷೆಯಲ್ಲಿ ಇದ್ದದ್ದಕ್ಕಿಂತ ಗೇಣೆತ್ತರ ಹೆಚ್ಚಿಗೆ ಗೋಡೆ ಏರಿಸಿ ಇಟ್ಟಿದ್ದ.

“ಯಾಕ ಏರಿಸಿದಿ ಮಲ್ಲಪ್ಪ?”

“ಮಾಲು ಹೆಚ್ಚಿಗಿ ಹಿಡೀತೈತ್ರಿ.”

“ಟ್ರೇಲರಿನ ಕೆಳಗ ರಸ್ತಾ ಐತಿ. ಬೋಟಿನ ಕೆಳಗ ಏನೈತಿ?”

“ನೀರ ಐತಲ್ಲರಿ ಮೇಡಂ.”

“ಅದ ತಕರಾರು,” ಎಂದೆ. ಅವನು ಗೋಡೆ ಇಳಿಸಿದ, ಆದರೆ ಅಂಗೈಯಗಲ ಬಿಟ್ಟೇ ಇಳಿಸಿದ. ಮನುಷ್ಯನಿಗೆ ತನ್ನ ಕಸುಬಿನ ಗುಣ ಹೋಗುವುದು ಕಷ್ಟ.

ನಮ್ಮ ಮೇಲಧಿಕಾರಿ ಶೇಟ್ ಸಾಹೇಬರು ಕರಾವಳಿಯವರು. ಸಮುದ್ರ ಕಂಡವರೆಂಬ ಹೆಮ್ಮೆ ಅವರಿಗೆ, ನಮ್ಮ ಹಿನ್ನೀರನ್ನು ಅವರು ಕೆರೆ ಎಂದೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಕಣ್ಣಾರೆ ಕಾಣದ ಹೊರತು ಯಾವುದನ್ನೂ ಒಪ್ಪುತ್ತಿರಲಿಲ್ಲ. ಅಂಕಲಗಿ ಸಂತೆಯಲ್ಲಿ ಜನ ಮೀನು ಪಟಪಟ ಬಡಿದುಕೊಳ್ಳದಿದ್ದರೆ ಕೊಳ್ಳುವುದಿಲ್ಲವೆಂದು ಹಿಡಕಲ್ಲಿನವರು ಬೋಟಿನ ತಳಕ್ಕೆ ಒಂದಿಷ್ಟು ನೀರು ತುಂಬಿ ಅದರಲ್ಲೇ ಮೀನು ಬಿಟ್ಟುಕೊಂಡು ಬರುತ್ತಿದ್ದರು. ನಾನು ಬೇಡ ಎಂದೆ. ಸಾಹೇಬರು, “ತಳದಲ್ಲಿ ಭಾರ ಇದ್ದರೆ ಒಳ್ಳೆಯದೇ ಅಲ್ಲವಾ ಮಾರಾಯ್ರೇ?” ಎಂದರು. ಭಾರ ಕಲ್ಲಾದರೆ ಒಳ್ಳೆಯದು, ನೀರಾದರೆ ವಾಲಿದ ಕಡೆಗೇ ಓಡುತ್ತದೆ, ಇನ್ನಷ್ಟು ವಾಲಿಸುತ್ತದೆ. ಎಷ್ಟು ಹೇಳಿದರೂ ತಲೆದೂಗಲಿಲ್ಲ. ಕೊನೆಗೆ ಪರಾತ ಎಂಬ ಒಂದು ದೊಡ್ಡ ಅಗಲ ತಟ್ಟೆಯಲ್ಲಿ ನೀರು ತುಂಬಿ, ಇದನ್ನು ಹಿಡಿದು ಬಾಗಿಲತನಕ ನಡೆಯಿರಿ ಎಂದೆ. ನಾಲ್ಕು ಹೆಜ್ಜೆಗೆ ಅವರ ಪ್ಯಾಂಟು ತೊಯ್ದು ಮುದ್ದೆಯಾಯಿತು. ಮರುದಿನವೇ ಎಲ್ಲ ಬೋಟುಗಳ ತಳದ ಉದ್ದಕ್ಕೂ ತಡೆಪಟ್ಟಿ ಹಾಕಿ ನೀರನ್ನು ಖಾನೆಖಾನೆಯಾಗಿ ಒಡೆಯಲು ಆದೇಶ ಹೊರಟಿತು.

ಇನ್ನು ಬೆಲ್ಲದ ವಿಷಯ. ಕಂಪ್ಯೂಟರಿಗೆ ಬೋಟಿನ ಆಕಾರ ಕೊಡಬಹುದು, ತೂಕ ಕೊಡಬಹುದು, ಆದರೆ ಆ ತೂಕ ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದು ಕಾಗದದ ಮೇಲೆ ಸಿಗುವುದಿಲ್ಲ. ಬೋಟನ್ನು ನೀರಿಗಿಳಿಸಿ, ಗೊತ್ತಿರುವ ಭಾರವನ್ನು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸರಿಸಬೇಕು. ನಡುವೆ ಗೌಂಡಿಯ ತೂಗುಗುಂಡು ಕಟ್ಟಿರಬೇಕು. ಗುಂಡು ಎಷ್ಟು ಸರಿಯಿತು ಎಂಬುದರ ಮೇಲೆ ಬೋಟು ಎಷ್ಟು ಗಟ್ಟಿ ಎಂದು ಲೆಕ್ಕ ಸಿಗುತ್ತದೆ. ಹೊಯ್ದಾಟದ ಇಡೀ ಗಣಿತ ಈ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಭಾರಕ್ಕೆ ಏನು ಇಡಬೇಕು? ಕಬ್ಬಿಣದ ತೂಕ ಇಟ್ಟರೆ ಫೈಬರ್ ತಳ ಗೀಚಿಹೋಗುತ್ತಿತ್ತು. ಉಸುಕಿನ ಚೀಲ ನೀರು ಕುಡಿದು ದಿನಕ್ಕೊಂದು ತೂಕವಾಗುತ್ತಿತ್ತು. ಘಟಕ ಶುರುವಾದಾಗ ಯಾರೋ ಪುಣ್ಯಾತ್ಮರು ಬೆಲ್ಲದ ಪೆಂಟಿ, ಅಂದರೆ ದೊಡ್ಡ ಗಟ್ಟಿಗಳನ್ನು, ತಂದಿಟ್ಟಿದ್ದರು. ಒಂದೇ ಅಚ್ಚಿನಲ್ಲಿ ಹೊಯ್ದದ್ದು, ಎಲ್ಲವೂ ಒಂದೇ ತೂಕ. ಎರಡು ಕೈಯಲ್ಲಿ ಎತ್ತಲು ಹದ, ಪ್ಲಾಸ್ಟಿಕ್ಕು ಸುತ್ತಿ ಗೋಣಿತಟ್ಟಿನಲ್ಲಿ ಹೊಲಿದರೆ ನೀರಿನ ಭಯವಿಲ್ಲ. ನಾನು ಸೇರಿದ ಮೇಲೆ ನಮ್ಮೂರ ಕಬ್ಬಿನ ಗಾಣದಿಂದಲೇ ತರಿಸತೊಡಗಿದೆ. “ನಿಮ್ಮ ಜಿಲ್ಲೆಯಲ್ಲಿ ತೂಕವೂ ಸಿಹಿ ಮಾರಾಯ್ರೇ” ಎಂದು ಶೇಟ್ ಸಾಹೇಬರು ನಗುತ್ತಿದ್ದರು. ನಗಲಿ, ಕೆಲಸ ಸರಿಯಾಗಿ ನಡೆಯುತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ಹಿಡಕಲ್ಲಿಗೆ ಹೊಸ ನಮೂನೆಯ ಬೋಟುಗಳು ಹೋದವು. ಪರೀಕ್ಷೆಯಲ್ಲಿ ಎಲ್ಲವೂ ಚೆನ್ನಾಗಿ ಪಾಸಾಗಿದ್ದವು. ಹಾರ ಹಾಕಿ, ಫೋಟೋ ತೆಗೆಸಿ ಹಂಚಿದ್ದೂ ಆಯಿತು. ಮಳೆ ಹಿಂಜರಿದ ಮೇಲೆ ಹೇಗಿವೆ ನೋಡೋಣವೆಂದು ನಾನು ಹೋದೆ. ಅಲ್ಲಿ ಸತ್ತೆವ್ವ ಸಿಕ್ಕಳು. ಸತ್ತೆವ್ವ ಮತ್ತು ಅವಳ ಗಂಡ ಲಕ್ಕಪ್ಪ ಮದುವೆಯಾದಾಗಿನಿಂದ ಒಂದೇ ಬೋಟಿನಲ್ಲಿ ಬಲೆ ಹಾಕುವವರು. ದಂಡೆಯ ಮೇಲಿನ ಉಳಿದ ಕುಟುಂಬಗಳು ಯಾವುದಕ್ಕೂ ಮೊದಲು ಸತ್ತೆವ್ವನ ಬಾಯಿ ನೋಡುತ್ತಿದ್ದವು. ಅವಳ ಬಾಯಿಯೂ ಹಾಗೇ ಇತ್ತು, ಹಿನ್ನೀರಿನ ಆಚೆ ದಂಡೆಗೂ ಕೇಳಿಸುವಂಥದ್ದು.

“ಅಕ್ಕಾರ, ಬೋಟು ಅಂದ್ರ ಇದು ನೋಡ್ರಿ! ಹಳೇದು ಕುಂತ್ರ ನಿಂತ್ರ ಝಾಡಸತಿತ್ತು. ಇದು ತೊಟ್ಟಲಾ ತೂಗಿದಂಗ ತೂಗತೈತಿ. ಇಂವಾ ಇದರಾಗ ನಿದ್ದಿ ಹೋಗತಾನ್ರಿ!”

ಲಕ್ಕಪ್ಪ ನಾಚಿಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಈ ಕೆಲಸದಲ್ಲಿ ತೊಟ್ಟಿಲು ಎಂಬ ಮಾತು ಹೊಗಳಿಕೆಯಲ್ಲ. ಗಟ್ಟಿ ಬೋಟು ವಾಲಿದ ತಕ್ಷಣ ಸಿಟ್ಟಿನಿಂದ ಎದ್ದು ನಿಲ್ಲುತ್ತದೆ, ಒಳಗಿದ್ದವರನ್ನು ಅಲುಗಾಡಿಸಿಬಿಡುತ್ತದೆ. ನಿಧಾನಕ್ಕೆ ವಾಲಿ, ಅಲ್ಲೊಂದು ಗಳಿಗೆ ತಡೆದು, ನಿಧಾನಕ್ಕೆ ಮರಳುವ ಬೋಟು ಮರಳಬೇಕೋ ಬೇಡವೋ ಎಂದು ವಿಚಾರ ಮಾಡುತ್ತಿರುತ್ತದೆ. ನಾನು ಚಪ್ಪಲಿ ಬಿಟ್ಟು ಬೋಟಿಗೆ ಹತ್ತಿದೆ. ಒಂದು ಮಗ್ಗುಲಿಗೆ ಒತ್ತಿ ಬಿಟ್ಟೆ. ಅದು ತಡೆಯಿತು.

ಮರಳಿ ಬಂದು ಕಂಪ್ಯೂಟರಿನ ಮುಂದೆ ಕೂತೆ. ನಮ್ಮ ಪರೀಕ್ಷೆಯ ಅಂಕಿ ಹಾಕಿದರೆ ಪರದೆಯ ಮೇಲಿನ ಬೋಟು ಚುರುಕಾಗಿ ಹೊರಳಿ ಚುರುಕಾಗಿ ಏಳುತ್ತದೆ. ನೀರಿನಲ್ಲಿ ನಾನು ಕಂಡ ಬೋಟು ಹಾಗಿಲ್ಲ. ಎರಡರಲ್ಲಿ ಒಂದು ಸುಳ್ಳು. ಆಕಾರ ತಿದ್ದಿ ನೋಡಿದೆ, ಅಲೆ ಬದಲಿಸಿ ನೋಡಿದೆ, ಮಲ್ಲಪ್ಪನ ಅಂಗೈಯಗಲದ ಗೋಡೆಯನ್ನೂ ಸೇರಿಸಿದೆ. ಸ್ವಲ್ಪ ಹತ್ತಿರ ಬಂತು, ಆದರೆ ಕೂಡಲಿಲ್ಲ. ಶೇಟ್ ಸಾಹೇಬರು, “ಜನ ಹೊಗಳುತ್ತಿದ್ದಾರೆ. ನಿಮ್ಮದೊಂದು ಹೊಸ ತಲೆನೋವು” ಎಂದು ಊಟಕ್ಕೆ ಹೋದರು.

ಅಷ್ಟರಲ್ಲಿ ಯಾರೋ ಬಿಸಿಲಲ್ಲಿ ಬಂದು ಬಾಗಿಲಲ್ಲಿ ನಿಂತರು. ನಮ್ಮ ಕಡೆ ಬಿಸಿಲಿನಿಂದ ಬಂದವರಿಗೆ ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು. ಅದನ್ನು ಕೊಡದೆ ಏನು ಕೆಲಸ ಎಂದು ಕೇಳುವುದು ಅಪಮಾನ. ಕಚೇರಿಯ ಜವಾನ ಬಾಳಪ್ಪ ಈ ಪದ್ಧತಿಯನ್ನು ದೇವರ ಕೆಲಸದಂತೆ ನಡೆಸಿಕೊಂಡು ಬಂದಿದ್ದ. ಅವನು ತಟ್ಟೆ ಹಿಡಿದು ಒಳಕೋಣೆಗೆ ಹೋದದ್ದು ಕಂಡಿತು. ಅಲ್ಲಿ ಕಪಾಟಿನಲ್ಲಿ ನಮ್ಮ ಪರೀಕ್ಷೆಯ ಪೆಂಟಿಗಳು ಸಾಲಾಗಿ ಕೂತಿದ್ದವು. ಬಾಳಪ್ಪ ಒಂದನ್ನು ಎತ್ತಿ, ಬೋರಲು ಹಾಕಿ, ಗೋಣಿತಟ್ಟಿನ ಹೊಲಿಗೆ ಸರಿಸಿ, ಉಳಿಯಿಂದ ತಳವನ್ನು ಕೆತ್ತತೊಡಗಿದ.

“ಬಾಳಪ್ಪಾ! ಅದು ತೂಕದ ಬೆಲ್ಲ ಅಲ್ಲೇನೋ?”

“ಹೌದ್ರಿ ಮೇಡಂ, ತೂಕದ್ದ,” ಎಂದ ಅವನು, ಸ್ವಲ್ಪವೂ ಗಾಬರಿಯಾಗದೆ. “ಮಳಿಗಾಲದಾಗ ಗಾಣ ಬಂದ್ ಇರತಾವಲ್ಲರಿ, ತಿನ್ನೂ ಬೆಲ್ಲ ಮುಗದಿತ್ತು. ಅದಕ್ಕ ತಳದಾಗಿಂದ ತಗೊಂಡೇನ್ರಿ. ಮ್ಯಾಲಿಂದ ಒಂದ ಚೂರೂ ಮುಟ್ಟಿಲ್ಲ ನೋಡ್ರಿ.”

ನಾನು ಪೆಂಟಿಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಮುಂದಿನಿಂದ ಒಂದಕ್ಕಿಂತ ಒಂದು ದುಂಡಗೆ, ತಳದಲ್ಲಿ ಒಂದಕ್ಕಿಂತ ಒಂದು ಟೊಳ್ಳು. ಇಡೀ ಮಳೆಗಾಲ ಕಚೇರಿಗೆ ಬಂದವರೆಲ್ಲ, ಸಂಜೆ ಶೇಂಗಾ ತಿನ್ನಲು ಕೂತ ನಾವೆಲ್ಲ, ಸಾಹೇಬರೂ ಸೇರಿ, ನಮ್ಮ ತೂಕಗಳನ್ನು ತಿಂದಿದ್ದೆವು. ಆದದ್ದು ಇಷ್ಟು: ಭಾರ ಕಮ್ಮಿಯಾದರೆ ಪರೀಕ್ಷೆಯಲ್ಲಿ ಬೋಟು ಕಮ್ಮಿ ವಾಲುತ್ತದೆ. ಭಾರ ಪೂರ್ತಿ ಇದೆ ಎಂದು ನಂಬಿದ ಲೆಕ್ಕ, ಬೋಟೇ ಗಟ್ಟಿಯಾಗಿದೆ ಎಂದು ತಿಳಿಯುತ್ತದೆ. ನಾವು ಬೆಲ್ಲ ತಿಂದಷ್ಟೂ ಬೋಟುಗಳು ಕಾಗದದ ಮೇಲೆ ಗಟ್ಟಿಯಾಗುತ್ತ ಹೋಗಿದ್ದವು.

ಹೊಸ ಪೆಂಟಿ ಎರವಲು ತಂದು, ಉಳಿದಿದ್ದ ಒಂದು ಬೋಟನ್ನು ಮತ್ತೆ ಪರೀಕ್ಷೆ ಮಾಡಿದೆ. ನಪಾಸು. ಅಲ್ಪಸ್ವಲ್ಪವಲ್ಲ, ಚೆನ್ನಾಗಿಯೇ ನಪಾಸು. ಸಾಹೇಬರ ಮುಂದೆ ಹೋಗಿ ಹೇಳಿದೆ.

“ಬೋಟು ಹಿಂದೆ ಕೊಡಿ, ಯಾಕೆಂದರೆ ನಾವು ಬೆಲ್ಲ ತಿಂದೆವು. ಹೀಗಂತ ಬರೆಯಲಾ?” ಎಂದರು. “ಊರೆಲ್ಲ ನಗುತ್ತದೆ. ಈ ಘಟಕವನ್ನೇ ಮುಚ್ಚುತ್ತಾರೆ ಮಾರಾಯ್ರೇ. ಒಂದೇ ಮಗ್ಗುಲಿಗೆ ಇಬ್ಬರು ನಿಲ್ಲಬೇಡಿ ಅಂತ ಬೋರ್ಡು ಹಾಕಿಸೋಣ.”

“ಬಲೆ ಎಳೆಯುವಾಗ ಇಬ್ಬರೂ ಒಂದೇ ಮಗ್ಗುಲಿಗೆ ನಿಲ್ಲುತ್ತಾರೆ ಸರ್. ಬೋರ್ಡು ಓದಿಕೊಂಡು ಬಲೆ ಎಳೆಯುವವರನ್ನು ನಾನು ಕಂಡಿಲ್ಲ. ನಗುವವರು ನಗಲಿ.”

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, “ನೀವೇ ಹೋಗಿ ಹೇಳಿ. ಅವರಾಗಿ ಬೋಟು ಮರಳಿಸಿದರೆ ನಾನು ತಡೆಯುವುದಿಲ್ಲ” ಎಂದರು. ಅವರಾಗಿ ಮರಳಿಸುವುದಿಲ್ಲ ಎಂಬ ಧೈರ್ಯ ಅವರಿಗಿತ್ತು. ನನಗೂ ಆ ಭಯವೇ ಇತ್ತು. ಆದರೆ ಬೇಸಿಗೆಯ ಮಧ್ಯಾಹ್ನ ಹಿನ್ನೀರಿನ ಮೇಲೆ ಏಳುವ ಅಡ್ಡಗಾಳಿಯನ್ನು ನಾನು ನೋಡಿದ್ದೆ. ಆ ಗಾಳಿ ಬರುವುದರೊಳಗೆ ಒಂದು ಬೋಟೂ ನೀರಿನ ಮೇಲೆ ಇರಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹಿಡಕಲ್ಲಿಗೆ ಹೋದೆ.

ಸತ್ತೆವ್ವ ಕೇಳಿದ ಕೂಡಲೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ಏನ್ ಮಾತಾಡ್ತೀರಿ ಅಕ್ಕಾರ? ಪಾಸ್ ಮಾಡಿ ಕೊಟ್ಟಾಕಿನೂ ನೀವ, ಈಗ ನಪಾಸ್ ಅನ್ನಾಕಿನೂ ನೀವ. ಇಷ್ಟು ಚಲೋ ಬೋಟು ನನ್ನ ಜಲ್ಮದಾಗ ಕಂಡಿಲ್ಲ. ಖರೆ ಕಾರಣ ಹೇಳ್ರಿ, ಯಾರಿಗಿ ಕೊಡಬೇಕಂತ ಮಾಡೀರಿ ಇದನ್ನ?”

ದಂಡೆಯ ಮೇಲೆ ಎಲ್ಲ ಕುಟುಂಬಗಳೂ ಸೇರಿದ್ದವು. ಖರೆ ಕಾರಣ ಹೇಳಿದೆ. ಬೆಲ್ಲದ ಪೆಂಟಿ, ಮಳೆಗಾಲ, ಬಾಳಪ್ಪನ ಉಳಿ, ತಳದಿಂದ ಕೆತ್ತಿದ್ದು, ಎಲ್ಲ. ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಶುರುವಾಯಿತು ನೋಡಿ ನಗು. ಹೆಂಗಸರು ಕಣ್ಣೀರು ಒರೆಸಿಕೊಂಡು ನಕ್ಕರು. ಒಬ್ಬ ಮುದುಕ ನೆಲದ ಮೇಲೆ ಕೂತುಬಿಟ್ಟ. “ತೂಕಾ ತಿಂದ್ರಂತ!” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮತ್ತೆ ನಕ್ಕರು. ನಾನು ನಿಂತ ಜಾಗದಿಂದ ಕದಲಲಿಲ್ಲ. ನಗು ಮುಗಿಯಲೆಂದು ಕಾದೆ.

“ನಕ್ಕಿದ್ದು ಆತಲ್ಲ? ಈಗ ನಾ ಹೇಳಿದಂಗ ಒಂದ ಸಲ ಮಾಡ್ರಿ. ಬೋಟು ಬೀಳಲಿಲ್ಲ ಅಂದ್ರ ನಾ ಇನ್ನ ಈ ಕಡೆ ತಲಿ ಹಾಕೂದಿಲ್ಲ.”

ಸೊಂಟಮಟ ನೀರಿನಲ್ಲಿ ಬೋಟು ನಿಲ್ಲಿಸಿ ದಂಡೆಗೆ ಹಗ್ಗ ಕಟ್ಟಿಸಿದೆ. ಸತ್ತೆವ್ವನಿಗೂ ಲಕ್ಕಪ್ಪನಿಗೂ ತೇಲುವ ಅಂಗಿ ತೊಡಿಸಿದೆ. ತುಂಬಿದ ಬಲೆ ಎಳೆಯುವಾಗ ಹೇಗೆ ನಿಲ್ಲುತ್ತೀರೋ ಹಾಗೇ ನಿಂತು ಎಳೆಯಿರಿ ಎಂದೆ. ಬಲೆಯ ಇನ್ನೊಂದು ತುದಿಯನ್ನು ನೀರಿನಲ್ಲಿ ನಿಂತ ಇಬ್ಬರು ಹಿಡಿದರು. ಗಂಡಹೆಂಡತಿ ಒಂದೇ ಮಗ್ಗುಲಿಗೆ ಬಂದು ಬಾಗಿ ಎಳೆದರು. ಬೋಟು ಮೆಲ್ಲಗೆ ವಾಲಿತು. ಲಕ್ಕಪ್ಪ ನಮ್ಮ ಕಡೆ ನೋಡಿ, ಏನೂ ಆಗಿಲ್ಲ ಎನ್ನುವಂತೆ ನಕ್ಕ. ಬೋಟು ಇನ್ನೂ ಮೆಲ್ಲಗೆ ವಾಲುತ್ತಲೇ ಇತ್ತು. ನಗುತ್ತಿರುವಾಗಲೇ ಅವನು ನೀರಿಗೆ ಹೋದ, ಅವನ ಮೇಲೆ ಸತ್ತೆವ್ವ, ಅವರಿಬ್ಬರ ಮೇಲೆ ಬೋಟು ಬೋರಲಾಯಿತು.

ಹಗ್ಗ ಎಳೆದು ಇಬ್ಬರನ್ನೂ ಬಿಡಿಸಿಕೊಂಡರು. ಸತ್ತೆವ್ವ ಮುಖದ ಮೇಲಿನ ನೀರನ್ನೂ ಒರೆಸಿಕೊಳ್ಳದೆ ಸೊಂಟಮಟ ನೀರಿನಲ್ಲಿ ನಿಂತೇ ಇದ್ದಳು. ಬೋರಲು ಬಿದ್ದ ಬೋಟನ್ನು ನೋಡುತ್ತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ, “ಒಂದ ಮಾತೂ ಹೇಳಲಿಲ್ಲಲ್ಲರಿ ಇದು” ಎಂದಳು. ಅವಳ ಬಾಯಿಂದ ಅಷ್ಟು ಸಣ್ಣ ದನಿ ನಾನು ಆ ಮೊದಲು ಕೇಳಿರಲಿಲ್ಲ. ಅಂದು ಸಂಜೆಯೊಳಗೆ ಎಲ್ಲ ಬೋಟುಗಳೂ ದಂಡೆಯ ಮೇಲೆ ಬಂದವು.

ಮೂಡಲಗಿಗೆ ಹೋಗಿ ಮಲ್ಲಪ್ಪನ ಎದುರು ಕೂತು ಗೋಡೆ ಇಳಿಸುವಂತೆ ಮಾಡಿದೆ, ಈ ಸಲ ಅಂಗೈಯಗಲವೂ ಬಿಡಲಿಲ್ಲ. ಎರಡೂ ಮಗ್ಗುಲಿಗೆ ಒಳಗೆ ಫೋಮು ತುಂಬಿದ ರೆಕ್ಕೆ ಕಟ್ಟಿಸಿದೆ. ಕೂರುವ ಹಲಗೆಯನ್ನು ತಳಕ್ಕೆ ಇಳಿಸಿದೆವು. ಪೂರ್ತಿ ತೂಕದ ಬೆಲ್ಲ ಇಟ್ಟು ಪರೀಕ್ಷೆ ಮಾಡಿದಾಗ ಶೇಟ್ ಸಾಹೇಬರೂ ಬಂದು ನಿಂತರು. ಪ್ರತಿ ಪೆಂಟಿಯನ್ನೂ ತಾವೇ ತಿರುವಿ ತಳ ನೋಡಿದರು. ಘಟಕ ಮುಚ್ಚಲಿಲ್ಲ. ನಗುವುದನ್ನಂತೂ ಯಾರೂ ನಿಲ್ಲಿಸಲಿಲ್ಲ, ನಾನು ನಿವೃತ್ತಳಾಗುವ ದಿನದ ಭಾಷಣದಲ್ಲೂ ಆ ಕಥೆ ಬಂತು.

ಹೊಸದಾಗಿ ಸೇರಿದವರೇ, ಯಂತ್ರ ಕೊಟ್ಟ ಗೆರೆ ನೋಡಿ ಸುಮ್ಮನಾಗಬೇಡಿ. ಅದರೊಳಗೆ ಹೋದ ಅಂಕಿ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋಗಿ, ಬೋರಲು ಹಾಕಿ ತಳ ನೋಡಿ. ಬೋಟು ಹತ್ತಿದವರು ಸುಖವಾಗಿದೆ ಎಂದರೆ ಇನ್ನೊಮ್ಮೆ ಪರೀಕ್ಷೆ ಮಾಡಿ. ಜನ ನಿಮ್ಮ ಮೇಲೆ ಸಿಟ್ಟಾಗುತ್ತಾರೆ, ಆಗಲಿ.

ಸತ್ತೆವ್ವ ಸಿಟ್ಟಾದಳು. ರೆಕ್ಕೆ ಕಟ್ಟಿದ ಬೋಟು ಅವಳಿಗೆ ಮೊದಲ ದಿನದಿಂದಲೇ ಸೇರಲಿಲ್ಲ. ಕತ್ತೆಯಂತೆ ಒದೆಯುತ್ತದೆ, ಸೊಂಟ ಹಿಡಿದಿದೆ, ಲಕ್ಕಪ್ಪನಿಗೆ ನಿದ್ದೆಯಿಲ್ಲ ಎಂದು ವಾರಕ್ಕೊಮ್ಮೆ ಯಾರ ಕೈಲಾದರೂ ಹೇಳಿಕಳಿಸುತ್ತಿದ್ದಳು. ನಾನು ಉತ್ತರ ಕಳಿಸುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆಲಿಕಲ್ಲು ಮಳೆಯಾಯಿತು. ಗೋಕಾಕದಲ್ಲಿ ತಗಡು ಹಾರಿದವು, ಹುಕ್ಕೇರಿ ಕಡೆ ಗಿಡಮರಗಳು ರಸ್ತೆಗೆ ಬಿದ್ದವು. ಫೋನು ಹತ್ತಲಿಲ್ಲ. ನಾನು ಆ ರಾತ್ರಿ ಕಣ್ಣು ಮುಚ್ಚಲಿಲ್ಲ ಎಂದು ಹೇಳಿದರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಮರುದಿನ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೆ ಲಕ್ಕಪ್ಪನ ಮೋಟಾರ್ ಸೈಕಲ್ಲು ಬಂದು ನಿಂತಿತು. ಹಿಂದಿನಿಂದ ಸತ್ತೆವ್ವ ಇಳಿದಳು. ಹಣೆ ಊದಿ ನೀಲಿಗಟ್ಟಿತ್ತು, ಒಂದು ಕೈಗೆ ಬಟ್ಟೆ ಸುತ್ತಿತ್ತು. ಮೆಟ್ಟಿಲು ಹತ್ತುವಾಗಲೇ ಬೈಗುಳ ಶುರುವಾಗಿತ್ತು.

“ನೋಡ್ರಿ ಅಕ್ಕಾರ ನಿಮ್ಮ ಬೋಟು ಏನ್ ಮಾಡೇತಿ! ನಿನ್ನಿ ನಡು ನೀರಾಗ ಇದ್ದಿವ್ರಿ. ಗಾಳಿ ಅಂದ್ರ ಗಾಳಿ, ಒಂದ ಕಡಿಗಿ ವಾಲಿಸಿಬಿಟ್ತು. ಆ ಹೊಡತಕ್ಕ ನಿಮ್ಮ ಬೋಟು ಜಾಡಿಸಿ ಎದ್ದ ನಿಂತ್ತು ನೋಡ್ರಿ, ನನ್ನ ಎತ್ತಿ ಒಗೀತು! ಬಳಿ ಒಡದು ಕೈಯಾಗ ಹೊಕ್ಕಾವು. ಇದಕ್ಕ ಬೋಟು ಅಂತಾರೇನ್ರಿ?”

“ಎಲ್ಲಿ ಒಗೀತು?” ಎಂದೆ.

“ಎಲ್ಲಿ ಅಂದ್ರ? ಒಳಗ್ರಿ. ಬೋಟಿನ ಒಳಗ... ನೀರಾಗ ಅಲ್ಲ.”

ಅವಳು ತಿರುಗಿ ಲಕ್ಕಪ್ಪನನ್ನು ನೋಡಿದಳು. ನಾನು ಕುರ್ಚಿ ಎಳೆದು ಕೊಟ್ಟೆ, ಅವಳು ಕೂತಳು.